ಮಿಲಾನಿನಲ್ಲಿ ಒಂದು ಬಟ್ಟಲು ಕಾಫಿ

ನೀವು ಇಟಲಿ ದೇಶದ ಮಿಲಾನ್ ನಗರಕ್ಕೆ ಹೋಗಿದ್ದೀರೆಂದು ಇಟ್ಟುಕೊಳ್ಳೋಣ. ಇದು ಈಗ ಅಂಥ ಅಸಂಭವದ ಮಾತೇನೂ ಅಲ್ಲ. ಮಗನೋ ಮಗಳೋ ಹೊರದೇಶದಲ್ಲಿ ಉದ್ಯೋಗಕ್ಕಿರುವ ಮನೆಗಳು ನಮ್ಮ ಪಟ್ಟಣಗಳಲ್ಲಿ ಬೀದಿಗೆ ನಾಲ್ಕು ಸಿಕ್ಕುತ್ತವೆ. ದೊಡ್ಡ ಇಗರ್ಜಿಯನ್ನು ನೋಡಿದಿರಿ, ಅದರ ಮಗ್ಗುಲಿನ ಗಾಜಿನ ಚಾವಣಿಯ ಅಂಗಡಿಬೀದಿಯಲ್ಲಿ ಅಡ್ಡಾಡಿದಿರಿ, ಕಾಲು ಸೋತಿತು. ಭಾಷೆ ಬಾರದು. ಯಾವ ಅಂಗಡಿಯಲ್ಲಿ ಏನೆಂದು ಕೇಳಬೇಕೋ, ಎಷ್ಟು ಕೊಡಬೇಕೋ, ಕುಳಿತುಕೊಂಡರೆ ಬೈಯುತ್ತಾರೋ, ಒಂದೂ ತಿಳಿಯದು. ಅಷ್ಟರಲ್ಲಿ ಕೋರ್ಡೂಸಿಯೊ ಎಂಬ ಚೌಕದಲ್ಲಿ, ಹಿಂದೆ ಅಂಚೆ ಕಛೇರಿಯಾಗಿದ್ದ ಭವ್ಯವಾದ ಕಟ್ಟಡವೊಂದರಲ್ಲಿ, ಬೆಂಗಳೂರಿನಲ್ಲಿ ನೋಡಿದ ಹೆಸರೇ ಕಣ್ಣಿಗೆ ಬೀಳುತ್ತದೆ: ಸ್ಟಾರ್‌ಬಕ್ಸ್. ದಾರಿ ತಪ್ಪಿದವನಿಗೆ ನಮ್ಮೂರಿನ ಬಸ್ಸು ಕಂಡ ಹಾಗೆ, ಮನಸ್ಸಿಗೆ ಎಷ್ಟೋ ನೆಮ್ಮದಿ.

ಈ ನೆಮ್ಮದಿಯನ್ನು ಕಂಡು ನಗುವವರಿದ್ದಾರೆ. ‘ಏಳು ಸಮುದ್ರ ದಾಟಿ ಹೋಗಿ, ಊರಿನಲ್ಲಿದ್ದುದನ್ನೇ ಕುಡಿದು ಬಂದಿರಾ?’ ಎಂದು ಕೇಳುತ್ತಾರೆ. ಆದರೆ ನಮ್ಮ ಹಿರಿಯರು ಮುಂಬಯಿಗೆ ಹೋದಾಗ ಮಾಟುಂಗದ ಉಡುಪಿ ಹೋಟೆಲನ್ನು ಹುಡುಕಿಕೊಂಡು ಹೋಗಲಿಲ್ಲವೆ? ಪರಸ್ಥಳದಲ್ಲಿ ಪರಿಚಿತವಾದ ಬಾಗಿಲೊಂದು ಬೇಕೆನ್ನಿಸುವುದು ಮನುಷ್ಯ ಸಹಜ. ಅದರಲ್ಲಿ ನನಗೆ ಹೀನಾಯವೇನೂ ಕಾಣುವುದಿಲ್ಲ. ಆದರೆ ಮಿಲಾನಿನ ಆ ಬಾಗಿಲಿನ ಸಂಗತಿಯೇ ಬೇರೆ. ನಿಮಗೆ ಪರಿಚಿತವೆಂದು ತೋರುವ ಆ ಅಂಗಡಿ ಅಮೆರಿಕೆಯಿಂದ ಬಂದದ್ದು. ಆದರೆ ಆ ಅಂಗಡಿಯ ವಿದ್ಯೆಯ ಬಹುಪಾಲು ಮಿಲಾನಿನಿಂದಲೇ ಹೋದದ್ದು. ಇನ್ನು ಪಕ್ಕದ ಓಣಿಯಲ್ಲಿ, ನೀವು ಹೆಸರು ಕೇಳದ, ಒಳಗೆ ಕಾಲಿಡಲು ಹಿಂಜರಿದ ಚಿಕ್ಕ ಕಾಫಿಯಂಗಡಿ ಇದೆಯಲ್ಲ, ಅಲ್ಲಿಯ ಬಟ್ಟಲಿನಲ್ಲಿ ಕೊಡಗಿನ ಬೀಜ ಇದ್ದರೂ ಇರಬಹುದು. ಯಾವುದು ನಮ್ಮದು, ಯಾವುದು ಪರರದು ಎಂಬ ಲೆಕ್ಕ ಅಲ್ಲಿ ತಲೆಕೆಳಗಾಗುತ್ತದೆ. ಅದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಹೊರಡಬೇಕು.

ಕಾಫಿಯಂಗಡಿಯ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಿದೆ. ದೊಡ್ಡ ದೊಡ್ಡ ನಗರಗಳಲ್ಲಿ ಅದನ್ನು ಮೊದಲು ತೆರೆದವನು ಆ ಊರಿನವನಲ್ಲ. ಇಸ್ತಾಂಬುಲ್ ನಗರದಲ್ಲಿ 1554–55ರ ಸುಮಾರಿಗೆ ಕಾಫಿಯಂಗಡಿ ಇಟ್ಟವರು ಇಬ್ಬರು: ಒಬ್ಬ ಅಲೆಪ್ಪೊ ಪಟ್ಟಣದವನು, ಇನ್ನೊಬ್ಬ ಡಮಾಸ್ಕಸಿನವನು, ಪೆಚೆವಿ ಎಂಬ ತುರ್ಕಿ ಚರಿತ್ರಕಾರ ಇದನ್ನು ಬರೆದಿಟ್ಟಿದ್ದಾನೆ. ಪ್ಯಾರಿಸಿನ ಸೇಂಟ್ ಜರ್ಮೇನ್ ಜಾತ್ರೆಯಲ್ಲಿ 1672ರಲ್ಲಿ ಕಾಫಿ ಮಾರಿದವನು ಆರ್ಮೇನಿಯದವನು. ಅದೇ ನಗರದಲ್ಲಿ 1686ರಲ್ಲಿ ಹೆಸರಾಂತ ಪ್ರೊಕೋಪ್ ಕಾಫಿಗೃಹವನ್ನು ಸ್ಥಾಪಿಸಿದವನು ಸಿಸಿಲಿ ದ್ವೀಪದವನು. ವಿಯೆನ್ನಾ ನಗರದಲ್ಲಿ, ಮುತ್ತಿಗೆ ಹಾಕಿದ್ದ ತುರ್ಕಿ ಸೈನ್ಯ 1683ರಲ್ಲಿ ಬಿಟ್ಟೋಡಿದ ಮೂಟೆಗಳಿಂದ ಕಾಫಿ ಹುಟ್ಟಿತೆಂದು ಒಂದು ರಮ್ಯವಾದ ಕಥೆಯನ್ನು ಹೇಳುವುದುಂಟು. ಆದರೆ ದಾಖಲೆಯಲ್ಲಿರುವುದು 1685ರಲ್ಲಿ ಡಿಯೊಡಾಟೊ ಎಂಬ ಆರ್ಮೇನಿಯದ ವರ್ತಕನಿಗೆ ಕೊಟ್ಟ ಅಪ್ಪಣೆ.

ಲಂಡನ್ನಿನ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬಹುದು. ಸ್ಮಿರ್ನಾ ಪಟ್ಟಣದಲ್ಲಿ ವ್ಯಾಪಾರ ಮಾಡಿ ಹಿಂತಿರುಗಿದ ಡೇನಿಯಲ್ ಎಡ್ವರ್ಡ್ಸ್ ಎಂಬ ವರ್ತಕ ತನ್ನೊಡನೆ ಪಾಸ್ಕ್ವಾ ರೋಸೆ ಎಂಬ ಸೇವಕನನ್ನು ಕರೆತಂದ. ಯಜಮಾನನಿಗೆ ಕಾಫಿ ಕಾಸಿ ಕೊಡುವುದು ಅವನ ಕೆಲಸಗಳಲ್ಲಿ ಒಂದು. ಈ ಹೊಸ ಪಾನೀಯದ ರುಚಿ ನೋಡಲು ನೆಂಟರಿಷ್ಟರು ಬಂದು ಬಂದು ಯಜಮಾನನ ಹೊತ್ತೆಲ್ಲ ಹಾಳಾಗತೊಡಗಿತು. ಕಡೆಗೆ 1652ರಲ್ಲಿ ಕಾರ್ನ್‌ಹಿಲ್ ಬಳಿ, ಸೇಂಟ್ ಮೈಕೇಲನ ಓಣಿಯಲ್ಲಿ, ರೋಸೆಗೇ ಒಂದು ಮಳಿಗೆ ಆಯಿತು. ವ್ಯಾಪಾರ ಕುದುರಿತು. ಸುತ್ತಲಿನ ಬಿಯರ್ ಅಂಗಡಿಯವರು ಸುಮ್ಮನಿರುತ್ತಾರೆಯೆ? ‘ಇವನು ನಗರದ ಹಕ್ಕುದಾರನಲ್ಲ, ಪರದೇಶಿ, ಇವನಿಗೆ ಇಲ್ಲಿ ವ್ಯಾಪಾರ ಮಾಡುವ ಅಧಿಕಾರವಿಲ್ಲ’ ಎಂದು ದೂರು ಕೊಟ್ಟರು. ದಾರಿ ಕಾಣದೆ, ಬೌಮನ್ ಎಂಬ ಹಕ್ಕುದಾರನೊಬ್ಬನನ್ನು ಪಾಲುದಾರನನ್ನಾಗಿ ಸೇರಿಸಿಕೊಂಡು ಅಂಗಡಿಯನ್ನು ಉಳಿಸಿಕೊಳ್ಳಬೇಕಾಯಿತು. ಈ ದೂರನ್ನು ನೆನಪಿನಲ್ಲಿಡಿ. ಮೂರೂವರೆ ಶತಮಾನದ ಮೇಲೆ ಇಂಥದೇ ದನಿ ಮಿಲಾನಿನಲ್ಲಿ ಕೇಳಿಬರುತ್ತದೆ.

ಹೀಗೆ ಬಂದ ಪರದೇಶಿ ಅಂಗಡಿಯನ್ನು ಆಯಾ ಊರು ತನ್ನ ಅಚ್ಚಿನಲ್ಲಿ ಎರಕ ಹೊಯ್ದುಕೊಂಡಿತು. ಲಂಡನ್ನಿನಲ್ಲಿ ಅದು ಹಡಗಿನ ವ್ಯಾಪಾರಿಗಳ ಕಛೇರಿಯಾಯಿತು. ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದ ವರ್ತಕರಿಂದಲೇ ಇಂದಿಗೂ ಆ ಹೆಸರಿನಲ್ಲಿ ನಡೆಯುವ ವಿಮಾ ಮಾರುಕಟ್ಟೆ ಬೆಳೆಯಿತು. ಪ್ಯಾರಿಸಿನಲ್ಲಿ ನಾಟಕ, ಸಾಹಿತ್ಯಗಳ ಹರಟೆಕಟ್ಟೆಯಾಯಿತು. ವಿಯೆನ್ನಾದಲ್ಲಿ ಅಮೃತಶಿಲೆಯ ಮೇಜು, ಓದಲು ವೃತ್ತಪತ್ರಿಕೆ, ಕಾಫಿಯ ಜೊತೆಗೆ ಒಂದು ಲೋಟ ನೀರು: ಅಷ್ಟಿದ್ದರೆ ಸಾಯಂಕಾಲದವರೆಗೆ ಕೂತಿದ್ದರೂ ಕೇಳುವವರಿಲ್ಲ. ಒಂದೇ ಬೀಜ, ಊರಿಗೊಂದು ಮರ.

ಈಗ ಮಿಲಾನಿಗೆ ಬರೋಣ. ಈ ಮಾಸಪತ್ರಿಕೆಯನ್ನು ಕೈಯಲ್ಲಿ ಹಿಡಿದಿರುವ ತಮಗೆ ಇಲ್ಲಿ ಒಂದು ಪತ್ರಿಕೆಯ ವಿಷಯವನ್ನೇ ಹೇಳಬೇಕಾಗಿದೆ. 1764ರ ಜೂನ್ ತಿಂಗಳಿನಲ್ಲಿ ಮಿಲಾನಿನ ಕೆಲವು ತರುಣರು ಹತ್ತು ದಿನಗಳಿಗೊಮ್ಮೆ ಹೊರಡುವ ಒಂದು ಪತ್ರಿಕೆಯನ್ನು ಆರಂಭಿಸಿದರು. ಅದರ ಹೆಸರು ‘ಇಲ್ ಕಫ್ಫೆ’, ಎಂದರೆ ‘ಕಾಫಿ’. ಅವರ ಮುಂದಾಳು ಪಿಯೆಟ್ರೊ ವೆರ್ರಿ. ಜೊತೆಗೆ ಅವನ ತಮ್ಮ ಅಲೆಸ್ಸಾಂಡ್ರೊ, ಮತ್ತು ಚೆಸಾರೆ ಬೆಕ್ಕಾರಿಯ. ಇವರ ಗೋಷ್ಠಿಗೆ ‘ಮುಷ್ಟಿಗಳ ಅಕಾಡೆಮಿ’ ಎಂದು ಹೆಸರು. ವಾದ ಎಷ್ಟು ಬಿರುಸಾಗಿರುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಬೆಕ್ಕಾರಿಯನಿಗೆ ಆಗ 26 ವರ್ಷ. ಚಿತ್ರಹಿಂಸೆಯನ್ನೂ ಮರಣದಂಡನೆಯನ್ನೂ ಖಂಡಿಸಿ ಅವನು ಬರೆದ ಅಪರಾಧ ಮತ್ತು ಶಿಕ್ಷೆಗಳ ಕುರಿತ ಗ್ರಂಥ ಅದೇ ವರ್ಷ ಲಿವೊರ್ನೊ ಪಟ್ಟಣದಲ್ಲಿ, ಲೇಖಕನ ಹೆಸರಿಲ್ಲದೆ, ಅಚ್ಚಾಯಿತು. ಮಿಲಾನ್ ಆಗ ಆಸ್ಟ್ರಿಯದ ಆಳ್ವಿಕೆಯಲ್ಲಿತ್ತು. ಅಲ್ಲಿಯ ಪರಿಶೀಲಕರ ಕಣ್ಣು ತಪ್ಪಿಸಲು ಪತ್ರಿಕೆಯನ್ನು ವೆನಿಸ್ ಗಣರಾಜ್ಯಕ್ಕೆ ಸೇರಿದ ಬ್ರೆಷಿಯದಲ್ಲಿ ಅಚ್ಚು ಹಾಕಿಸಿ ತರಬೇಕಾಗಿತ್ತು. ಎರಡು ವರ್ಷಗಳಲ್ಲಿ 74 ಸಂಚಿಕೆಗಳು ಹೊರಬಂದವು, ಆಮೇಲೆ ನಿಂತುಹೋಯಿತು.

ನಮ್ಮ ಪ್ರಸ್ತಾಪಕ್ಕೆ ಬೇಕಾದದ್ದು ಆ ಪತ್ರಿಕೆಗೆ ಅವರು ಹೂಡಿದ ಉಪಾಯ. ಎಲ್ಲ ಲೇಖನಗಳೂ ಮಿಲಾನಿನ ಒಂದು ಕಾಫಿಯಂಗಡಿಯಲ್ಲಿ ಕೇಳಿಬಂದ ಸಂಭಾಷಣೆಗಳೆಂದು ಅವರು ನಟಿಸಿದರು. ಆ ಅಂಗಡಿಯ ಯಜಮಾನ ದೆಮೆತ್ರಿಯೊ, ಕಲ್ಪಿತ ವ್ಯಕ್ತಿ. ಅವನು ಯಾರು ಬಲ್ಲಿರಾ? ಸಿಥೆರಾ ದ್ವೀಪದ ಗ್ರೀಕ. ತನ್ನ ನಾಡಿನ ದಾಸ್ಯವನ್ನು ಸಹಿಸಲಾರದೆ ಹೊರಟು, ಬಂದರಿನಿಂದ ಬಂದರಿಗೆ ವ್ಯಾಪಾರ ಮಾಡುತ್ತ ಮೋಕಾ ಪಟ್ಟಣಕ್ಕೆ ಹೋಗಿ, ಅಲ್ಲಿ ಒಳ್ಳೆಯ ಕಾಫಿಬೀಜವನ್ನು ಕೊಂಡು, ಲಿವೊರ್ನೊದಲ್ಲಿ ಇಳಿದು, ಮಿಲಾನಿಗೆ ಬಂದು ನೆಲಸಿದವನು. ನೋಡಿ, ತಮ್ಮ ಊರಿನ ಜನಕ್ಕೆ ವಿವೇಕ ಹೇಳಲು ಆ ತರುಣರು ಆರಿಸಿಕೊಂಡ ಸ್ಥಳ ಒಬ್ಬ ಪರದೇಶಿಯ ಅಂಗಡಿ. ಒಳ್ಳೆಯ ಮಾತು ಹೊರಗಿನಿಂದ ಬಂದರೂ ಬರಲಿ ಎಂಬುದು ಅವರ ನಿಲುವು. ಭಾಷೆಯಲ್ಲೂ ಅದೇ ಹಟ. ಅಲೆಸ್ಸಾಂಡ್ರೊ ವೆರ್ರಿ ಒಂದು ಲೇಖನದಲ್ಲಿ, ಪಂಡಿತರು ಪ್ರಮಾಣವೆಂದು ಪೂಜಿಸುತ್ತಿದ್ದ ಕ್ರುಸ್ಕಾ ನಿಘಂಟನ್ನು ನೋಟರಿಯ ಮುಂದೆ ತ್ಯಾಗಪತ್ರ ಬರೆದು ಬಿಟ್ಟುಬಿಟ್ಟಂತೆ ವಿನೋದ ಮಾಡಿದ್ದಾನೆ. ಅರ್ಥ ತಿಳಿಸುವ ಶಬ್ದ ಯಾವ ಭಾಷೆಯದಾದರೂ ಬಳಸುತ್ತೇವೆಂದು ಅದರ ತಾತ್ಪರ್ಯ. ನಿಘಂಟನ್ನೇ ನಂಬಿ ಬಾಳಿದ ನನ್ನಂಥವನಿಗೆ ಆ ಲೇಖನ ಕೊಂಚ ಇರುಸುಮುರುಸು ತರುತ್ತದೆ. ಆದರೂ ಒಪ್ಪಬೇಕು, ನಮ್ಮ ವ್ಯಾಕರಣಗಳಲ್ಲಿಯೂ ‘ಅನ್ಯದೇಶ್ಯ’ಕ್ಕೆ ಒಂದು ಪ್ರಕರಣ ಇದ್ದೇ ಇದೆ. ಅರಬ್ಬಿಯ ‘ಕಹ್ವಾ’ ತುರ್ಕಿಯಲ್ಲಿ ‘ಕಹ್ವೆ’, ಇಟಲಿಯಲ್ಲಿ ‘ಕಫ್ಫೆ’, ಇಂಗ್ಲಿಷರ ಬಾಯಲ್ಲಿ ‘ಕಾಫಿ’ ಆಗಿ ನಮ್ಮ ಅಡುಗೆಮನೆಗೆ ಬಂದು ಕುಳಿತಿದೆ. ಅದನ್ನು ಎಬ್ಬಿಸಿ ಕಳುಹಿಸುವವರು ಯಾರು?

ಇನ್ನು ಯಂತ್ರದ ಮಾತು. ಉಗಿಯ ಬಲದಿಂದ ಬೇಗ ಬೇಗ ಕಾಫಿ ಇಳಿಸುವ ಯಂತ್ರಕ್ಕೆ 1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಹಕ್ಕುಪತ್ರ ಪಡೆದನು. ಆದರೆ ಒಬ್ಬೊಬ್ಬ ಗಿರಾಕಿಗೂ ಬಿಡಿಬಿಡಿಯಾಗಿ, ಅವನ ಕಣ್ಣೆದುರಿಗೇ, ಒಂದು ಬಟ್ಟಲು ಇಳಿಸಿಕೊಡುವ ಯಂತ್ರವನ್ನು 1901ರಲ್ಲಿ ರೂಪಿಸಿದವನು ಮಿಲಾನಿನ ಲುಯಿಜಿ ಬೆಜ್ಜೆರ. ಅವನಿಂದ ಹಕ್ಕನ್ನು ಕೊಂಡ ಪಾವೋನಿ ಅದನ್ನು ತಯಾರಿಸಿ ಮಾರಿದ. 1906ರ ಮಿಲಾನ್ ವಸ್ತುಪ್ರದರ್ಶನದಲ್ಲಿ ಜನ ಅದನ್ನು ಕಂಡರು. ಎಸ್ಪ್ರೆಸ್ಸೊ ಎಂಬ ಮಾತಿಗೆ ಒತ್ತಿ ತೆಗೆದದ್ದು ಎಂದೂ, ಶೀಘ್ರವಾದದ್ದು ಎಂದೂ, ಕೇಳಿದವನಿಗಾಗಿಯೇ ಮಾಡಿದ್ದು ಎಂದೂ ಅರ್ಥ ಹಚ್ಚುತ್ತಾರೆ, ಮೂರೂ ಒಪ್ಪುತ್ತವೆ. ಆದರೆ ಆಗಿನ ಕಾಫಿ ಉಗಿಯಿಂದ ಸುಟ್ಟು ಕೊಂಚ ಕಹಿಯಾಗುತ್ತಿತ್ತು. ಅದನ್ನು ತಿದ್ದಿದವನೂ ಮಿಲಾನಿನವನೇ, ಅಕಿಲ್ಲೆ ಗಾಜ್ಜಿಯ. 1938ರಿಂದ ಪ್ರಯೋಗ ಮಾಡುತ್ತ ಬಂದು, ಯುದ್ಧ ಮುಗಿದ ಮೇಲೆ 1948ರ ವೇಳೆಗೆ ಹಿಡಿಕೆಯ ಯಂತ್ರವನ್ನು ಹೊರತಂದ. ಹಿಡಿಕೆಯನ್ನು ಎಳೆದು ಬಿಟ್ಟರೆ ಒಳಗಿನ ಸ್ಪ್ರಿಂಗು, ವಾಯುಮಂಡಲದ ಒತ್ತಡಕ್ಕೆ ಎಂಟು ಒಂಬತ್ತರಷ್ಟು ಒತ್ತಡದಿಂದ, ಬಿಸಿನೀರನ್ನು ಪುಡಿಯ ಮೂಲಕ ತಳ್ಳುತ್ತದೆ. ಅರ್ಧ ನಿಮಿಷದೊಳಗೆ ಗಟ್ಟಿಯಾದ ಕಷಾಯ ಇಳಿಯುತ್ತದೆ. ಮೇಲೆ ಹೊಂಬಣ್ಣದ ದಟ್ಟನೆಯ ನೊರೆ. ಈ ನೊರೆಗೆ ಅವರು ‘ಕ್ರೆಮ’ ಎನ್ನುತ್ತಾರೆ. ನಮ್ಮ ಮದುವೆಮನೆಗಳಲ್ಲಿ ಹಾಲಿಗೆ ಉಗಿ ಬಿಟ್ಟು ಬುಸ್ಸೆಂದು ನೊರೆ ಎಬ್ಬಿಸಿ ಕೊಡುವ ಎಸ್ಪ್ರೆಸ್ಸೊ ಬೇರೆ, ಇದು ಬೇರೆ.

ಯಂತ್ರಕ್ಕೆ ತಕ್ಕ ಹಾಗೆ ನಡವಳಿಕೆಯೂ ಬೆಳೆಯಿತು. ಇಟಲಿಯಲ್ಲಿ ಕಾಫಿ ಕೊಡುವ ಸ್ಥಳಕ್ಕೆ ‘ಬಾರ್’ ಎನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಎದೆಮಟ್ಟದ ಕಟ್ಟೆಯ ಮುಂದೆ ನಿಂತು, ಎರಡು ಗುಟುಕಿನಲ್ಲಿ ಕುಡಿದು, ಹೊರಟುಬಿಡುವುದು ಪದ್ಧತಿ. ನಿಂತು ಕುಡಿಯುವ ಕಾಫಿಯ ಬೆಲೆಯನ್ನು ಬಹುಕಾಲ ಪೌರಸಭೆಗಳೇ ಕಟ್ಟುಮಾಡುತ್ತಿದ್ದವು, ಅಕ್ಕಿ ಬೇಳೆಯಂತೆ ಅದೂ ಬದುಕಿಗೆ ಬೇಕಾದ ಪದಾರ್ಥವೆಂಬ ಭಾವನೆಯಿಂದ. ಮೇಜಿನ ಮುಂದೆ ಕುಳಿತರೆ ಬೆಲೆ ಬೇರೆ. ಬ್ಯಾಂಕಿನ ಅಧಿಕಾರಿಯೂ ಗಾರೆ ಕೆಲಸದವನೂ ಮೊಳಕೈಗೆ ಮೊಳಕೈ ತಗುಲಿಸಿ ನಿಂತು ಅದೇ ಕಾಫಿಯನ್ನು ಅದೇ ಬೆಲೆಗೆ ಕುಡಿಯುತ್ತಾರೆ. ಗಣರಾಜ್ಯವೆಂಬ ಮಾತನ್ನು ಸಂವಿಧಾನದಲ್ಲಿ ಓದುವುದಕ್ಕಿಂತ ಇಂಥ ಕಡೆ ನೋಡುವುದು ಸುಲಭ.

ಇಂಥ ಮಿಲಾನಿಗೆ 1983ರಲ್ಲಿ ಒಬ್ಬ ಅಮೆರಿಕನ್ ಬಂದ. ಹೋವರ್ಡ್ ಷುಲ್ಟ್ಸ್ ಎಂದು ಹೆಸರು. ಗೃಹೋಪಯೋಗಿ ವಸ್ತುಗಳ ಪ್ರದರ್ಶನ ನೋಡಲು ಬಂದವನು. ಅವನು ಕೆಲಸಕ್ಕಿದ್ದ ಕಂಪನಿ ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದ್ದು. 1971ರಲ್ಲಿ ಅದನ್ನು ಸ್ಥಾಪಿಸಿದವರು ಮೂವರು ಸ್ನೇಹಿತರು. ಒಬ್ಬ ಇಂಗ್ಲಿಷ್ ಉಪಾಧ್ಯಾಯ, ಒಬ್ಬ ಚರಿತ್ರೆಯ ಉಪಾಧ್ಯಾಯ, ಮೂರನೆಯವನು ಲೇಖಕ. (ನಮ್ಮ ವೃತ್ತಿಯವರು ವ್ಯಾಪಾರಕ್ಕೆ ಇಳಿದು ಏಳಿಗೆಯಾದ ಅಪರೂಪದ ನಿದರ್ಶನ!) ಅಂಗಡಿಗೆ ‘ಮೋಬಿ ಡಿಕ್’ ಕಾದಂಬರಿಯ ಒಬ್ಬ ಹಡಗಿನ ಅಧಿಕಾರಿಯ ಹೆಸರನ್ನು ಇಟ್ಟರು. ಅವರು ಮಾರುತ್ತಿದ್ದುದು ಹುರಿದ ಬೀಜ, ಬಟ್ಟಲಿನಲ್ಲಿ ಕಾಫಿಯನ್ನಲ್ಲ. ಮಿಲಾನಿನ ಬೀದಿಬೀದಿಯ ಬಾರುಗಳನ್ನೂ, ಗಿರಾಕಿಯನ್ನು ಹೆಸರು ಹಿಡಿದು ಮಾತನಾಡಿಸುವ ಸಂಭ್ರಮವನ್ನೂ ಕಂಡ ಷುಲ್ಟ್ಸ್‌ಗೆ, ಇದನ್ನು ನಮ್ಮ ದೇಶದಲ್ಲಿ ಮಾಡಬಾರದೇಕೆ ಎನ್ನಿಸಿತು. ಯಜಮಾನರು ಒಪ್ಪಲಿಲ್ಲ. ಅವನು ಬೇರೆಯಾಗಿ 1986ರಲ್ಲಿ ‘ಇಲ್ ಜೊರ್ನಾಲೆ’ ಎಂಬ ಇಟಾಲಿಯನ್ ಹೆಸರಿನ ಅಂಗಡಿ ತೆರೆದ. ಒಳಗೆ ಇಟಲಿಯ ಗೀತನಾಟಕದ ಸಂಗೀತ. ಪರಿಚಾರಕರ ಕೊರಳಿಗೆ ಬೋ ಟೈ. ಕುರ್ಚಿಗಳಿಲ್ಲ, ನಿಂತೇ ಕುಡಿಯಬೇಕು. ಅಮೆರಿಕದ ಗಿರಾಕಿಗಳು ಗೊಣಗಿದರು. ಸಂಗೀತ ನಿಂತಿತು, ಕುರ್ಚಿ ಬಂತು. 1987ರಲ್ಲಿ ಹಳೆಯ ಯಜಮಾನರ ಅಂಗಡಿಗಳನ್ನೂ ಹೆಸರನ್ನೂ 38 ಲಕ್ಷ ಡಾಲರಿಗೆ ಕೊಂಡುಕೊಂಡ.

ನನ್ನ ದೃಷ್ಟಿಯಲ್ಲಿ ಕಥೆಯ ತಿರುವು ಆ ಕುರ್ಚಿಯಲ್ಲಿದೆ. ಪಾಸ್ಕ್ವಾ ರೋಸೆಯ ಅಂಗಡಿ ಲಂಡನ್ನಿಗೆ ಹೊಂದಿಕೊಂಡ ಹಾಗೆ, ಮಿಲಾನಿನ ಬಾರು ಅಮೆರಿಕಕ್ಕೆ ಹೊಂದಿಕೊಂಡಿತು: ಮೆತ್ತನೆಯ ಆಸನ, ಸೇರುಗಟ್ಟಲೆ ಹಾಲು, ಕಾರಿನಲ್ಲಿ ಹಿಡಿದುಕೊಂಡು ಹೋಗಲು ಕಾಗದದ ಲೋಟ. ಅಲ್ಲಿಯವರೆಗೆ ಹಳೆಯ ಕ್ರಮವೇ. ಆದರೆ ಅನಂತರ ನಡೆದದ್ದು ಹೊಸದು. ಹೀಗೆ ಹೊಂದಿಕೊಂಡ ಆಕಾರವನ್ನೇ ಗಟ್ಟಿಮಾಡಿ, ಲೋಕಕ್ಕೆಲ್ಲ ಅದೇ ಅಚ್ಚಿನಲ್ಲಿ ಕಳುಹಿಸಿದರು. 1987ರಲ್ಲಿ ಕೆನಡಾದ ವ್ಯಾಂಕೂವರ್, 1996ರಲ್ಲಿ ಟೋಕಿಯೊ, 2001ರಲ್ಲಿ ವಿಯೆನ್ನಾ, 2012ರಲ್ಲಿ ಟಾಟಾ ಸಂಸ್ಥೆಯ ಜೊತೆಗೂಡಿ ಮುಂಬಯಿ, ಮರುವರ್ಷ ಬೆಂಗಳೂರು. ಇಂದು ಲೋಕದಲ್ಲಿ ಅಂಥ ಅಂಗಡಿಗಳು 40,000ಕ್ಕೂ ಹೆಚ್ಚು. ಇನ್ನು ಮುಂದೆ ಊರು ಅಂಗಡಿಯನ್ನು ತಿದ್ದುವುದು ಕಷ್ಟ. ಒಪ್ಪಬೇಕು, ಇಲ್ಲವೆ ಕಳುಹಿಸಬೇಕು. ಕಳುಹಿಸಿದ ಊರುಗಳೂ ಇವೆ. ಬೀಜಿಂಗಿನ ಹಳೆಯ ಅರಮನೆಯ ಪ್ರಾಕಾರದೊಳಗೆ 2000ದಲ್ಲಿ ತೆರೆದ ಮಳಿಗೆಯನ್ನು, ಜನರ ಆಕ್ಷೇಪಣೆ ಎದ್ದ ಮೇಲೆ, 2007ರಲ್ಲಿ ಮುಚ್ಚಬೇಕಾಯಿತು. ಆಸ್ಟ್ರೇಲಿಯದಲ್ಲಿ 84 ಮಳಿಗೆಗಳ ಪೈಕಿ 61ನ್ನು 2008ರಲ್ಲಿ ಒಮ್ಮೆಗೇ ಮುಚ್ಚಿದರು. ಅಲ್ಲಿಗೆ ಯುದ್ಧಾನಂತರ ಹೋಗಿ ನೆಲಸಿದ ಇಟಲಿಯವರೂ ಗ್ರೀಕರೂ ಒಳ್ಳೆಯ ಎಸ್ಪ್ರೆಸ್ಸೊವನ್ನು ಮೊದಲೇ ಬಳಕೆಗೆ ತಂದಿದ್ದರು. ಪರದೇಶಿಯ ಜಾಗ ಆಗಲೇ ಭರ್ತಿಯಾಗಿತ್ತು.

ಮಿಲಾನಿಗೆ ಮಾತ್ರ ಆ ಕಂಪನಿ 35 ವರ್ಷ ಕಾಲಿಡಲಿಲ್ಲ. ಗುರುವಿನ ಮನೆಗೆ ಹೋಗಲು ಸಂಕೋಚವೆಂದೋ, ಗಿರಾಕಿ ಸಿಕ್ಕುವುದಿಲ್ಲವೆಂದೋ! ಕಡೆಗೆ 2017ರ ಫೆಬ್ರವರಿಯಲ್ಲಿ ಪೀಠಿಕೆಯಾಗಿ ದೊಡ್ಡ ಇಗರ್ಜಿಯ ಮುಂದಿನ ಬಯಲಿನಲ್ಲಿ ತನ್ನ ಖರ್ಚಿನಿಂದ ತಾಳೆ, ಬಾಳೆ ಗಿಡಗಳನ್ನು ನೆಡಿಸಿತು. ನಮಗೆ ಬಾಳೆ ಮಂಗಳಸೂಚಕ, ಚಪ್ಪರಕ್ಕೆ ಕಟ್ಟುತ್ತೇವೆ. ಮಿಲಾನಿನವರಲ್ಲಿ ಹಲವರಿಗೆ ಅದು ಅಧಿಕಪ್ರಸಂಗವಾಗಿ ಕಂಡಿತು. ಆಫ್ರಿಕದಿಂದ ವಲಸೆ ಬರುವವರನ್ನು ವಿರೋಧಿಸುವ ರಾಜಕೀಯದವರೂ ಅದಕ್ಕೆ ದನಿಗೂಡಿಸಿದರು. ಕೆಲವೇ ದಿನಗಳಲ್ಲಿ ಯಾರೋ ಒಂದು ತಾಳೆಗೆ ರಾತ್ರಿ ಬೆಂಕಿ ಇಟ್ಟರು. ಸೇಂಟ್ ಮೈಕೇಲನ ಓಣಿಯ ಬಿಯರ್ ಅಂಗಡಿಯವರ ದೂರು ನೆನಪಾಗುವುದಿಲ್ಲವೆ? ಪರದೇಶಿಯೆಂಬ ಒಂದೇ ಕಾರಣದಿಂದ ಎದ್ದ ಗದ್ದಲದ ಬಗ್ಗೆ ನನಗೆ ಗೌರವವಿಲ್ಲ. ದೆಮೆತ್ರಿಯೊನ ಊರಿಗೆ ಅದು ಶೋಭಿಸದು. 2018ರ ಸೆಪ್ಟೆಂಬರಿನಲ್ಲಿ ಅಂಗಡಿ ತೆರೆದಾಗ ಎದ್ದ ಇನ್ನೊಂದು ಆಕ್ಷೇಪಣೆ ಬೇರೆ ತರಹದ್ದು. ಆಗ ಓಣಿಯ ಬಾರಿನಲ್ಲಿ ಒಂದು ಯೂರೋ ಆಸುಪಾಸಿಗೆ ಸಿಕ್ಕುತ್ತಿದ್ದ ಎಸ್ಪ್ರೆಸ್ಸೊಗೆ ಇಲ್ಲಿ 1.80 ಯೂರೋ. ಬಳಕೆದಾರರ ಸಂಘವೊಂದು ಅಧಿಕಾರಿಗಳಿಗೆ ದೂರು ಬರೆಯಿತು. ಈ ಮಾತಿಗೆ ಹುರುಳಿದೆ. ಗಾರೆ ಕೆಲಸದವನು ನಿಲ್ಲಲಾರದ ಕಟ್ಟೆ ಎಷ್ಟು ಸುಂದರವಾಗಿದ್ದರೇನು?

ಅಲ್ಲಿಯ ಹಲಗೆಯ ಮೇಲಿನ ಶಬ್ದಗಳಿಗೂ ಒಂದು ವಿನೋದವಿದೆ. ಈ ಅಂಗಡಿಗಳಲ್ಲಿ ಲೋಟದ ಅಳತೆಗೆ ‘ಗ್ರಾಂದೆ’, ‘ವೆಂತಿ’ ಎಂಬ ಇಟಾಲಿಯನ್ ಹೆಸರುಗಳು ರೂಢಿಯಾಗಿವೆ. ಗ್ರಾಂದೆ ಎಂದರೆ ದೊಡ್ಡದು. ವೆಂತಿ ಎಂದರೆ ಇಪ್ಪತ್ತು, ಇಪ್ಪತ್ತು ಔನ್ಸು ಹಿಡಿಯುತ್ತದೆಂದು ಆ ಹೆಸರು. ಹೀಗಾಗಿ ದೊಡ್ಡದು ನಡುವಿನದಾಯಿತು. ಬೆಂಗಳೂರಿನಲ್ಲಿ ‘ಲಾತ್ತೆ’ ಎಂದು ಕೇಳುವ ನಮ್ಮ ಹುಡುಗರು ಮಿಲಾನಿನ ಓಣಿಯ ಬಾರಿನಲ್ಲಿ ಅದೇ ಮಾತು ಹೇಳಿದರೆ ಒಂದು ಲೋಟ ಬರಿಯ ಹಾಲು ಬರುತ್ತದೆ. ಲಾತ್ತೆ ಎಂದರೆ ಹಾಲು ಅಷ್ಟೆ. ‘ಕಪ್ಪುಚ್ಚೀನೊ’ ಎಂಬುದಕ್ಕೆ ಕಪುಚಿನ್ ಸಂನ್ಯಾಸಿಗಳ ಕಂದು ನಿಲುವಂಗಿಯ ಬಣ್ಣ ಮೂಲ. ‘ಬಾರಿಸ್ತ’ ಎಂಬ ಪದ ಬಳಕೆಗೆ ಬಂದದ್ದು ಮುಸ್ಸೋಲಿನಿಯ ಕಾಲದಲ್ಲಿ, ‘ಬಾರ್‌ಮನ್’ ಎಂಬ ಇಂಗ್ಲಿಷ್ ಶಬ್ದವನ್ನು ಓಡಿಸಲು. ಪರಭಾಷೆಯನ್ನು ಹೊರಗೆ ಹಾಕಲು ಹುಟ್ಟಿಸಿದ ಆ ಶಬ್ದವೇ ಇಂದು ಇಂಗ್ಲಿಷಿನಲ್ಲಿ ಮನೆಮಾತಾಗಿದೆ. ಶಬ್ದಗಳ ಮೇಲೆ ಕಾವಲು ಇಡುವವರು ಇದನ್ನು ಒಮ್ಮೆ ಯೋಚಿಸಬಹುದು.

ಎರಡು ಕಡೆಯ ಕಾಫಿಯನ್ನೂ ಕುಡಿದವನಾದ್ದರಿಂದ ನನ್ನ ಅನುಭವವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮಗನ ಮನೆಗೆಂದು ಹೋದ ವರ್ಷ, ನಡೆದು ನಡೆದು ಮಂಡಿನೋವಾಗಿದ್ದ ನಮ್ಮ ಮನೆಯವರಿಗೆ ಆ ಅಂಚೆಕಟ್ಟಡದ ಅಂಗಡಿ ನಿಜವಾಗಿ ಉಪಕಾರ ಮಾಡಿತು. ಒಂದು ಲೋಟ ಕೊಂಡು ಮುಕ್ಕಾಲು ಗಂಟೆ ಕುಳಿತೆವು; ಏಳಿರೆಂದು ಯಾರೂ ಹೇಳಲಿಲ್ಲ. ಮಾರನೆಯ ಬೆಳಗ್ಗೆ ಮಗ ತನ್ನ ಬೀದಿಯ ಬಾರಿಗೆ ಕರೆದುಕೊಂಡು ಹೋದ. ಹೆಬ್ಬೆರಳುದ್ದದ ಬಟ್ಟಲಿನ ತಳದಲ್ಲಿದ್ದುದನ್ನು ನೋಡಿ ನಮ್ಮ ಮನೆಯವರು, ‘ಏನೂಂದ್ರೆ, ಇದೇನು, ತೀರ್ಥ ಕೊಟ್ಟರಲ್ಲ! ಉದ್ಧರಣೆ ಎಲ್ಲಿ?’ ಎಂದರು. ಕುಡಿದ ಮೇಲೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ಪರವಾಗಿಲ್ಲ ಕಣೋ, ನಮ್ಮ ಮೊದಲನೇ ಡಿಕಾಕ್ಷನ್ನಿನ ವಾಸನೆ ಇದೆ’ ಎಂದು ಮಗನಿಗೆ ಹೇಳಿದರು.

ಆ ಮಾತಿನಲ್ಲಿ ಅವರಿಗೆ ತಿಳಿಯದೆಯೇ ಒಂದು ಸತ್ಯ ಅಡಗಿತ್ತು. ಭಾರತದ ಕಾಫಿಯನ್ನು ಎಲ್ಲ ದೇಶಗಳಿಗಿಂತ ಹೆಚ್ಚಾಗಿ ಕೊಳ್ಳುತ್ತ ಬಂದಿರುವುದು ಇಟಲಿ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಹತ್ತಕ್ಕೆ ಏಳು ಪಾಲು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ ಸೀಮೆಗಳದು. ಗಾಜ್ಜಿಯನ ಯಂತ್ರದಿಂದ ಬರುವ ಆ ಹೊನ್ನಿನ ನೊರೆ ದಟ್ಟವಾಗಿ ನಿಲ್ಲಬೇಕಾದರೆ ಅರೇಬಿಕಾ ಬೀಜದ ಜೊತೆಗೆ ಸ್ವಲ್ಪ ರೋಬಸ್ಟಾ ಬೆರಸುವುದು ಇಟಲಿಯ ಹುರಿಯುವವರಲ್ಲಿ ಹಳೆಯ ವಾಡಿಕೆ. ಅದಕ್ಕೆ ನಮ್ಮ ಕಡೆಯ, ನೆರಳಿನಲ್ಲಿ ಬೆಳೆದು ತೊಳೆದು ಒಣಗಿಸಿದ ರೋಬಸ್ಟಾ ಅವರಿಗೆ ಅಚ್ಚುಮೆಚ್ಚು. ಅಮೆರಿಕದ ಆ ಕಂಪನಿಯಾದರೋ ಅರೇಬಿಕಾವನ್ನು ಮಾತ್ರ ಕೊಳ್ಳುವುದಾಗಿ ಹೇಳಿಕೊಳ್ಳುತ್ತದೆ. ಹಾಗಾಗಿ, ಹೆಸರು ಪರಿಚಿತವಾದ ಕಡೆಗಿಂತ ಹೆಸರೇ ಕೇಳದ ಓಣಿಯ ಬಾರಿನಲ್ಲಿ ವಿರಾಜಪೇಟೆಯ ಬೀಜ ನಿಮ್ಮ ನಾಲಗೆಗೆ ತಾಗುವ ಸಂಭವ ಹೆಚ್ಚು.

ಹಾಗೆಂದು ದೊಡ್ಡ ಅಂಗಡಿಯ ಬಟ್ಟಲಿಗೂ ನಮಗೂ ನಂಟೇ ಇಲ್ಲವೆನ್ನುವಂತಿಲ್ಲ. ಬಾಬಾ ಬುಡನ್ ಅವರು ಮೋಕಾದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬ ಐತಿಹ್ಯ ನಿಮಗೆಲ್ಲ ತಿಳಿದದ್ದೆ. ಐತಿಹ್ಯವನ್ನು ಬಿಟ್ಟು ದಾಖಲೆಗೆ ಬಂದರೆ, ಡಚ್ಚರು 1696ರಲ್ಲಿಯೂ ಮತ್ತೆ 1699ರಲ್ಲಿಯೂ ಮಲಬಾರು ಕರಾವಳಿಯಿಂದ ಸಸಿಗಳನ್ನು ಜಾವಾ ದ್ವೀಪಕ್ಕೆ ಸಾಗಿಸಿದರು. ಜಾವಾದಿಂದ 1706ರಲ್ಲಿ ಒಂದು ಗಿಡ ಆಂಸ್ಟರ್‌ಡ್ಯಾಮಿಗೆ, ಅದರ ಸಂತತಿ 1714ರಲ್ಲಿ ಪ್ಯಾರಿಸಿನ ಅರಸನಿಗೆ, ಅಲ್ಲಿಂದ ಹಡಗು ಹತ್ತಿ ಅಟ್ಲಾಂಟಿಕ್ ಸಾಗರದಾಚೆಗೆ. ಅಮೆರಿಕಾ ಖಂಡದ ಅರೇಬಿಕಾದ ಒಂದು ಮುಖ್ಯ ಕವಲು ಹೀಗೆ ನಮ್ಮ ಪಡುವಣ ತೀರವನ್ನು ಹಾದುಹೋದದ್ದು.

ಮಂಗಳೂರಿನ ಕಡೆಯ ಓದುಗರಿಗೆ ಇನ್ನೊಂದು ವಿಷಯ. ಹಾಯಿಹಡಗುಗಳ ಕಾಲದಲ್ಲಿ ನಮ್ಮ ಬೀಜ ಯೂರೋಪಿಗೆ ತಲಪಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಡಲ ತೇವಕ್ಕೆ ಅದು ಊದಿ, ಹಳದಿ ಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಂಡು ಮೃದುವಾಗುತ್ತಿತ್ತು. ಅಲ್ಲಿಯವರು ಅದೇ ಅದರ ಸಹಜ ರುಚಿಯೆಂದು ತಿಳಿದಿದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಹೊಗೆಹಡಗುಗಳು ಬೇಗ ಬೇಗ ಹೋಗತೊಡಗಿದ ಮೇಲೆ ಬೀಜ ಹಸಿರಾಗಿಯೇ ತಲಪಿತು; ಗಿರಾಕಿಗಳು ಮೆಚ್ಚಲಿಲ್ಲ. ಆದುದರಿಂದ, ಕಡಲು ಮಾಡುತ್ತಿದ್ದ ಕೆಲಸವನ್ನು ಮಳೆಗಾಲದಿಂದ ಮಾಡಿಸಿದರು. ಜೂನಿನಿಂದ ಸೆಪ್ಟೆಂಬರಿನವರೆಗೆ ಕರಾವಳಿಯ ಉಗ್ರಾಣಗಳಲ್ಲಿ, ಗಾಳಿ ಆಡುವಂತೆ ತೆರೆದಿಟ್ಟು, ಬೀಜವನ್ನು ಹರಡಿ, ಹರವಿ, ಮೂಟೆ ಕಟ್ಟಿ, ಮತ್ತೆ ಬಿಚ್ಚಿ ಹರಡಿ, ಮುಂಗಾರಿನ ತೇವವನ್ನು ಕುಡಿಸುತ್ತಾರೆ. ಬೀಜ ಉಬ್ಬಿ ಮಾಸಲು ಹಳದಿಯಾಗುತ್ತದೆ. ಇದಕ್ಕೆ ‘ಮಾನ್ಸೂನ್ಡ್ ಮಲಬಾರ್’ ಎಂದು ಹೆಸರು. ಎಸ್ಪ್ರೆಸ್ಸೊ ಮಿಶ್ರಣಕ್ಕೆ ಯೂರೋಪಿನಲ್ಲಿ ಅದನ್ನು ಕೇಳಿ ತರಿಸಿಕೊಳ್ಳುತ್ತಾರೆ.

ಅಂದಹಾಗೆ, ಓಣಿಯ ಬಾರಿನಲ್ಲಿ ಕಾಫಿ ಕೇಳುವುದು ಕಷ್ಟವೇನಲ್ಲ. ಕೆಲವು ಕಡೆ ಮೊದಲು ಹಣ ಕಟ್ಟಿ ರಸೀತಿ ತೆಗೆದುಕೊಂಡು ಕಟ್ಟೆಯ ಬಳಿಗೆ ಹೋಗಬೇಕು. ‘ಉನ್ ಕಫ್ಫೆ’ ಎಂದರೆ ಎಸ್ಪ್ರೆಸ್ಸೊ ಬರುತ್ತದೆ. ಬೇರೆ ವಿವರಣೆ ಬೇಡ. ಹಾಲು ಬೇಕಾದವರು ಕಪ್ಪುಚ್ಚೀನೊ ಎನ್ನಬೇಕು, ಅದೂ ಬೆಳಗಿನ ಹೊತ್ತು. ಊಟವಾದ ಮೇಲೆ ಅದನ್ನು ಕೇಳಿದರೆ ಕೊಡುತ್ತಾರೆ, ಆದರೆ ನಿಮ್ಮನ್ನು ಪರದೇಶಿಯೆಂದು ಗುರುತಿಸುತ್ತಾರೆ. ಸಕ್ಕರೆ ಕಟ್ಟೆಯ ಮೇಲೆಯೇ ಇರುತ್ತದೆ.